ತಲೆಗೊಂದು ಕ್ರೇಟು

ಲೇಬರ್ ಇನ್‌ಸ್ಪೆಕ್ಟರ್ ಹುಣಸೆ ಮಂಡಿಯೊಳಗೆ ಕಾಲಿಟ್ಟಾಗ ನಾನು ಯಾರನ್ನೋ ಬಯ್ಯುತ್ತಿದ್ದೆ. ಯಾರನ್ನು, ಯಾತಕ್ಕೆ ಎಂದು ಈಗ ನೆನಪಿಲ್ಲ. ಮೇಸ್ತ್ರಿಯಾದವಳು ಬೆಳಿಗ್ಗೆಯಿಂದ ಸಂಜೆಯ ತನಕ ಯಾರನ್ನಾದರೂ ಬಯ್ಯುತ್ತಲೇ ಇರಬೇಕು, ಇಲ್ಲದಿದ್ದರೆ ರಾಶಿ ಮೇಲೇಳುವುದಿಲ್ಲ. ಇದು ನನ್ನ ನಂಬಿಕೆ. ಗುಂಪಿನ ಹೆಂಗಸರ ನಂಬಿಕೆ ಬೇರೆ ಇತ್ತು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಮಂಡಿ ಹಿರಿಯೂರಿನ ಹೊರಗೆ, ಹೆದ್ದಾರಿಗೆ ಬೆನ್ನು ಹಾಕಿಕೊಂಡು ನಿಂತ ತಗಡಿನ ಶೆಡ್ಡು. ಬಬ್ಬೂರಿನ ಆಚೆಗಿರುವ ನಮ್ಮ ಹಳ್ಳಿಯಿಂದ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು, ಹುಣಸೆಕಾಯಿಯ ಬೀಜ ಬಿಡಿಸಿ, ಸಂಜೆ ವಾಪಸು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೇಳಿದಷ್ಟು ಸುಲಭವಲ್ಲ ಅದು. ಮೊದಲು ಗೋಣಿಚೀಲ ಬಿಚ್ಚಿ ಕಾಯಿಯನ್ನು ಅಂಗಳದ ಬಿಸಿಲಿಗೆ ಹರವಬೇಕು. ತೊಗಟೆ ಗರಿಗರಿಯಾದ ಮೇಲೆ ಕೋಲಿನಿಂದ ಬಡಿದು ಮೊರದಲ್ಲಿ ಕೇರಬೇಕು. ಆಮೇಲೆ ತೊಟ್ಟಿನ ಕಡೆಯಿಂದ ನಾರು ಎಳೆಯಬೇಕು. ಕಾಯಿ ಹದವಾಗಿ ಒಣಗಿದ್ದರೆ ನಾರು ಒಂದೇ ಎಳೆತಕ್ಕೆ ಇಡಿಯಾಗಿ ಬರುತ್ತದೆ, ಹಸಿ ಇದ್ದರೆ ತುಂಡು ತುಂಡಾಗಿ ಹಣ್ಣಿನಲ್ಲೇ ಉಳಿಯುತ್ತದೆ. ಕೊನೆಗೆ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ಹಾರಿಸಬೇಕು. ಜೋರಾಗಿ ಕುಟ್ಟಿದರೆ ಬೀಜ ಒಡೆದು ಹಣ್ಣಿಗೆ ಸೇರಿ ಮಾಲು ಕೆಡುತ್ತದೆ, ಮೆಲ್ಲಗೆ ಕುಟ್ಟಿದರೆ ಬೀಜ ಅಲ್ಲಾಡುವುದಿಲ್ಲ. ಹುಳಿ ಬೆರಳ ಸಂದಿಯನ್ನು ತಿನ್ನುತ್ತದೆ. ಬೆಳಿಗ್ಗೆ ಹರಳೆಣ್ಣೆ ಸವರಿಕೊಂಡೇ ಕೂರುತ್ತೇವೆ, ಆದರೂ ರಾತ್ರಿ ಮುದ್ದೆ ಮುರಿಯುವಾಗ ಉರಿ ಬರುತ್ತದೆ.

ಒಬ್ಬೊಬ್ಬರಿಗೂ ತಮ್ಮದೇ ಒಂದು ಕಲ್ಲು. ಊರಿಂದ ಹೊತ್ತು ತಂದು ಮಂಡಿಯಲ್ಲೇ ಇಟ್ಟ ಕಲ್ಲು. ಕುಟ್ಟಿ ಕುಟ್ಟಿ ನಡುವೆ ಕುಳಿ ಬಿದ್ದಿರುತ್ತದೆ, ಆ ಕುಳಿ ಅವಳ ಕೈಗೆ ಹೊಂದಿರುತ್ತದೆ. ಒಬ್ಬಳ ಕಲ್ಲಿನ ಮೇಲೆ ಇನ್ನೊಬ್ಬಳು ಕುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಕಲ್ಲು ಬೇರೆ ಬೇರೆಯಾದರೂ ರಾಶಿ ಮಾತ್ರ ಒಂದೇ. ಎಲ್ಲರೂ ಬಿಡಿಸಿದ ಹಣ್ಣು ನಡುವಿನ ಟಾರ್ಪಾಲಿನ ಮೇಲೆ ಬೀಳುತ್ತದೆ, ಸಂಜೆ ಕ್ರೇಟಿಗೆ ತುಂಬುತ್ತೇವೆ, ತೂಕದ ಮೇಲೆ ಬಂದ ಕೂಲಿಯನ್ನು ಸಮ ಹಂಚುತ್ತೇವೆ. ಕೂಡುರಾಶಿ ಅನ್ನುತ್ತೇವೆ ಇದಕ್ಕೆ. ನಮ್ಮ ಅತ್ತೆಯಂದಿರ ಕಾಲದಿಂದಲೂ ಹೀಗೇ.

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯನೇ ಇರಬೇಕು, ಆದರೆ ನನಗೆ ಅವರನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ನಿಮಗೆ ಸಿಗುತ್ತಿಲ್ಲ, ನಿಮಗೆ ಬರುತ್ತಿರುವುದು ಅದರ ಅರ್ಧಕ್ಕಿಂತ ಒಂಚೂರು ಮೇಲೆ ಅಷ್ಟೇ ಎಂದರು. ಮಂಡಿಯ ಸಾಹುಕಾರ ಅವರ ಹಿಂದೆ ಕೈಕಟ್ಟಿ ನಿಂತಿದ್ದ.

"ಒಬ್ಬೊಬ್ಬರು ದಿನಕ್ಕೆ ಎಷ್ಟು ಬಿಡಿಸ್ತೀರಮ್ಮ?" ಎಂದು ಕೇಳಿದರು.

"ತಲೆಗೊಂದು ಕ್ರೇಟು ಸಾರ್" ಎಂದೆ.

ಅವರು ಪಕ್ಕದವಳನ್ನು ಕೇಳಿದರು. ತಲೆಗೊಂದು ಕ್ರೇಟು ಎಂದಳು. ಅವಳ ಪಕ್ಕದವಳೂ ಅದನ್ನೇ ಅಂದಳು. ಸಾಲಿನ ಕೊನೆಯಲ್ಲಿ ನಾರು ಎಳೆಯುತ್ತಾ ಕೂತಿದ್ದ ನನ್ನ ವಾರಗಿತ್ತಿಯ ತನಕ ಎಲ್ಲರದ್ದೂ ಒಂದೇ ಮಾತು. ಯಾರೂ ಸುಳ್ಳು ಹೇಳಲಿಲ್ಲ. ಎಷ್ಟು ತಲೆಯೋ ಅಷ್ಟು ಕ್ರೇಟು ತುಂಬುತ್ತಿದ್ದದ್ದು ನಿಜ. ಅದರಲ್ಲಿ ಯಾರದು ಎಷ್ಟು ಎಂದು ನಾವು ಹುಟ್ಟಿದಾಗಿನಿಂದ ಯೋಚಿಸಿದವರಲ್ಲ. ಮನೆಯಲ್ಲಿ ಯಾರು ಎಷ್ಟು ಮುದ್ದೆ ಉಂಡರು ಎಂದು ಲೆಕ್ಕ ಕೇಳಿದ ಹಾಗೆ ಅದು. ಹಿಂದೆ ನಿಂತಿದ್ದ ಸಾಹುಕಾರನ ಮುಖದಲ್ಲಿ ಮಾತ್ರ ಒಂದು ನಗು ಬಂದು ಹೋಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸೋಮವಾರ ಸಾಹುಕಾರ ಎಲ್ಲರನ್ನೂ ನಿಲ್ಲಿಸಿಕೊಂಡ.

"ನಾನೇನು ಕಾನೂನು ಮೀರೋನಾ? ಸರ್ಕಾರಿ ಕೂಲಿ ಕೊಡು ಅಂದ್ರೆ ಕೊಡ್ತೀನಿ. ಆದ್ರೆ ನೀವೇ ಬಾಯಾರೆ ಹೇಳೀರಿ, ತಲೆಗೊಂದು ಕ್ರೇಟು ಅಂತ. ಸಾಹೇಬ್ರೂ ಕೇಳಿಸ್ಕಂಡವ್ರೆ. ಇನ್ಮೇಲೆ ಯಾರ ಕ್ರೇಟು ಅವ್ರು ತುಂಬ್ರಿ. ತುಂಬ್ದೋರಿಗೆ ಸರ್ಕಾರಿ ಕೂಲಿ, ತುಂಬ್ದೇ ಇರೋರಿಗೆ ಹಳೇ ರೇಟು. ಒಂದು ವಾರ ನೋಡ್ತೀನಿ. ಆಮೇಲೂ ತುಂಬ್ದೇ ಇರೋರು ಬರಾದೇ ಬ್ಯಾಡ."

ಅವತ್ತು ಟೆಂಪೋದಲ್ಲಿ ಏನು ಸಂಭ್ರಮ ಅಂತೀರಿ! ಒಬ್ಬಳು ಚೀಟಿ ಹಾಕುತ್ತೇನೆ ಎಂದಳು, ಇನ್ನೊಬ್ಬಳು ಮಗಳಿಗೆ ಓಲೆ ಎಂದಳು. ಗುಂಪಿನಲ್ಲೇ ಕೈ ಚುರುಕಿನವಳು ಎಂದು ಹೆಸರಾದ ಎದುರುಮನೆಯ ಸೊಸೆ, "ನಂದು ಒಂದೇನು, ಒಂದೂವರೆ ಆಗ್ತೈತೆ ಬಿಡ್ರಿ" ಎಂದು ಬಳೆ ಹಿಂದಕ್ಕೆ ಸರಿಸಿಕೊಂಡಳು. ಎಲ್ಲರೂ ನಕ್ಕರು. ನಗದವಳು ಒಬ್ಬಳೇ, ನನ್ನ ವಾರಗಿತ್ತಿ.

ಅವಳ ವಿಷಯ ಹೇಳಲೇಬೇಕು. ನನ್ನ ಗಂಡ ಹುಣಸೆಮರಗಳನ್ನು ಗುತ್ತಿಗೆ ಹಿಡಿದಿದ್ದಾಗ ಅವನ ತಮ್ಮ, ಅಂದರೆ ಇವಳ ಗಂಡ, ಕಾಯಿ ಬಡಿಯಲು ಮರ ಹತ್ತಿ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಅವನು ಹಾಸಿಗೆ ಬಿಟ್ಟು ಎದ್ದಿಲ್ಲ. ನಿನ್ನ ಗಂಡನೇ ಬಲವಂತ ಮಾಡಿ ಹತ್ತಿಸಿದ ಎಂದು ಅವಳು, ನಿನ್ನ ಗಂಡ ಕುಡಿದು ಹತ್ತಿದ ಎಂದು ನಾನು. ಆಮೇಲೆ ಮಾತಿಲ್ಲ. ಏನಾದರೂ ಹೇಳಲೇಬೇಕಾದರೆ ಅವಳು ಕೋಳಿಗೋ ಪೊರಕೆಗೋ ಹೇಳುತ್ತಾಳೆ, ನಾನು ಕೇಳಿಸಿಕೊಂಡು ಬಿಂದಿಗೆಗೆ ಉತ್ತರ ಕೊಡುತ್ತೇನೆ. ಗುಂಪಿನಲ್ಲಿ ಅವಳನ್ನು ಇಟ್ಟುಕೊಂಡದ್ದು ಪ್ರೀತಿಯಿಂದೇನಲ್ಲ, ತೆಗೆದರೆ ಊರು ನನ್ನ ಮುಖಕ್ಕೆ ಉಗಿಯುತ್ತದೆ ಎಂದು. ಆ ಮನೆಯಲ್ಲಿ ಒಲೆ ಉರಿಯುವುದು ಈ ಕೂಲಿಯಿಂದಲೇ. ಕುಟ್ಟುವುದರಲ್ಲಿ ಅವಳ ಕೈ ನಿಧಾನ, ಅದು ಎಲ್ಲರಿಗೂ ಗೊತ್ತು. ಅದಕ್ಕೇ ಅವಳು ಕಾಯಿ ಹರವುವುದು, ಬಿಸಿಲು ನೋಡಿ ಮಗುಚುವುದು, ನಾರು ಎಳೆಯುವುದು ಮಾಡಿಕೊಂಡು ಒಂದು ಮೂಲೆಯಲ್ಲಿ ಇರುತ್ತಿದ್ದಳು.

ಕ್ರೇಟು ಬೇರೆಯಾದ ಮೊದಲ ದಿನ ಬೆಳಿಗ್ಗೆಯೇ ಜಗಳ. ಚೀಲ ಬಿಚ್ಚಿದ್ದೇ ತಡ, ದಪ್ಪ ಕಾಯಿಗೆ ಎಲ್ಲರೂ ಮುಗಿಬಿದ್ದರು. ದಪ್ಪ ಕಾಯಿ ಬೇಗ ಕ್ರೇಟು ತುಂಬುತ್ತದೆ, ಸಣಕಲು ಕಾಯಿ ಎಷ್ಟು ಕುಟ್ಟಿದರೂ ತಳ ಕಾಣುತ್ತಲೇ ಇರುತ್ತದೆ. "ಏ, ನಿಮ್ಮಪ್ಪನ ಮರದ್ದೇನೇ ಇದು?" ಎಂದು ಒಬ್ಬಳು, "ನಿಮ್ಮಪ್ಪನ ಮಂಡಿನೇನೇ?" ಎಂದು ಇನ್ನೊಬ್ಬಳು. ನಾನು ಇಬ್ಬರನ್ನೂ ಬಯ್ದೆ, ಇಬ್ಬರೂ ಸೇರಿ ನನ್ನನ್ನು ಬಯ್ದರು.

ಮಧ್ಯಾಹ್ನಕ್ಕೆ ಇನ್ನೊಂದು ತಾಪತ್ರಯ ಶುರುವಾಯಿತು. ಕಾಯಿಯನ್ನು ಬಿಸಿಲಿಗೆ ಯಾರು ಹರವಬೇಕು? ಹರವುವವಳ ಕ್ರೇಟಿಗೆ ಅದರಿಂದ ಒಂದು ಹಿಡಿ ಹಣ್ಣೂ ಬೀಳುವುದಿಲ್ಲ. ವಾರಗಿತ್ತಿ ಈಗ ತನ್ನ ಕಲ್ಲಿನ ಮುಂದೆ ಕೂತು ಕುಟ್ಟುತ್ತಿದ್ದಳು, ಅಂಗಳದ ಕಡೆ ತಿರುಗಿಯೂ ನೋಡಲಿಲ್ಲ. ಅರೆ ಒಣಗಿದ ಕಾಯಿ ಒಳಗೆ ಬಂತು. ತೊಗಟೆ ಅಂಟಿಕೊಂಡೇ ಇತ್ತು. ನಾರು ಎಳೆದರೆ ತುಂಡು, ಕುಟ್ಟಿದರೆ ಆ ತುಂಡು ಹಣ್ಣಿನೊಳಗೆ ಹೂತು ಕೂರುತ್ತಿತ್ತು, ಉಗುರಿನಿಂದ ಆರಿಸಬೇಕು. ಅವಸರಕ್ಕೆ ಬೀಜ ಒಡೆಯಿತು. ತೂಕ ಬರೆಯುವ ಗುಮಾಸ್ತ ಒಡೆದ ಬೀಜದ ಹಣ್ಣನ್ನು ತೆಗೆದು ಪಕ್ಕಕ್ಕೆ ಎಸೆದ. ಕುಡಿಯುವ ನೀರು ತರಲು ಯಾರೂ ಏಳಲಿಲ್ಲ. ಕೂಸಿದ್ದವಳು ಹಾಲು ಕುಡಿಸಲು ಎದ್ದು ಬರುವಷ್ಟರಲ್ಲಿ ಅವಳ ಕ್ರೇಟಿನ ಹಣ್ಣು ಇಳಿದಿತ್ತು. ಯಾರ ಕೈ ಎಂದು ನನಗೆ ಗೊತ್ತು, ಹೇಳುವುದಿಲ್ಲ. ಅವಳ ಅಳು ಕೇಳಲಾರದೆ ನನ್ನದರಿಂದ ಒಂದು ಬೊಗಸೆ ಎತ್ತಿ ಹಾಕಿದೆ, ಆಮೇಲೆ ಹೊಟ್ಟೆ ಉರಿದುಕೊಂಡೆ.

ಸಂಜೆ ತೂಕ. ಒಂದೂವರೆ ಎಂದಿದ್ದ ಎದುರುಮನೆಯ ಸೊಸೆಯದು ಕಾಲು ಭಾಗ ಖಾಲಿ. ಉಳಿದವರದು ಇನ್ನೂ ಕೆಳಗೆ. ಎಲ್ಲಕ್ಕಿಂತ ಕಮ್ಮಿ ತುಂಬಿದ ಎರಡು ಕ್ರೇಟು ಅಕ್ಕಪಕ್ಕ ನಿಂತಿದ್ದವು. ಒಂದು ವಾರಗಿತ್ತಿಯದು. ಇನ್ನೊಂದು ನನ್ನದು.

"ಏ ಸುತ್ತಿಗೆ, ನೋಡಿದಾ? ನಮಗೂ ಒಬ್ಬಳು ಜೊತೆಗಾತಿ ಸಿಕ್ಕಳು" ಎಂದಳು ವಾರಗಿತ್ತಿ, ತನ್ನ ಕೈಲಿದ್ದ ಸುತ್ತಿಗೆಗೆ.

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಇವರನ್ನು ನೋಡಿಕೊಳ್ಳುವುದರಲ್ಲೇ ನನ್ನ ದಿನ ಹೋಯಿತು, ಇಲ್ಲದಿದ್ದರೆ ನಾನೇನು ಕಮ್ಮಿಯೇ ಎಂದು ಗುಮಾಸ್ತನಿಗೆ ಹೇಳಿದೆ. ಅವನು ಪುಸ್ತಕಕ್ಕೆ ತೂಕ ಬರೆದುಕೊಂಡ.

ಆ ವಾರವೆಲ್ಲ ಹೀಗೇ ಹೋಯಿತು. ಒಬ್ಬಳ ಕ್ರೇಟೂ ತುಂಬಲಿಲ್ಲ. ಬೆನ್ನು ತಿರುಗಿಸಿ ಕೂತರು, ಬುತ್ತಿ ಬೇರೆ ಬೇರೆ ಬಿಚ್ಚಿದರು, ಟೆಂಪೋದಲ್ಲಿ ಜಾಗಕ್ಕೂ ಜಗಳ. ಸಾಹುಕಾರ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು, "ತುಂಬ್ತಾ? ತುಂಬ್ಲಿಲ್ವಾ? ಅಯ್ಯೋ ಪಾಪ" ಅನ್ನುತ್ತಿದ್ದ. ಆ ಪಾಪ ಅನ್ನುವ ಮಾತಿಗೆ ಅವನ ಹಲ್ಲು ಉದುರಿಸಬೇಕು ಅನ್ನಿಸುತ್ತಿತ್ತು. ಕೂಲಿ ಹಳೇ ರೇಟಿನಲ್ಲೇ ಬಂತು, ಮಾಲು ಕಮ್ಮಿಯಾದದ್ದರಿಂದ ಹಳೆಯದಕ್ಕಿಂತಲೂ ಕಮ್ಮಿ ಬಂತು. ಸರ್ಕಾರಿ ಕೂಲಿಯ ಹೆಸರು ಕೇಳಿದ್ದಕ್ಕೆ ನಮಗೆ ಸಿಕ್ಕ ಲಾಭ ಇದು.

ಶನಿವಾರ ವಾಪಸು ಬರುವಾಗ ಟೆಂಪೋ ನಿಲ್ಲಿಸಿದೆ. ರಸ್ತೆ ಪಕ್ಕದ ಜಾಲಿಯ ನೆರಳಿಗೆ ಎಲ್ಲರನ್ನೂ ಇಳಿಸಿ ಹೇಳಿದೆ.

"ಸೋಮವಾರದಿಂದ ಮತ್ತೆ ಕೂಡುರಾಶಿ. ನಾರು ಎಳಿಯೋರು ನಾರು ಎಳೀಲಿ, ಹರವೋರು ಹರವ್ಲಿ, ಕುಟ್ಟೋರು ಕುಟ್ಲಿ. ತೂಕಕ್ಕೆ ಮುಂಚೆ ಎಲ್ಲಾರ ಕ್ರೇಟೂ ನಾನೇ ತುಂಬ್ತೀನಿ, ಒಂದೇ ಸಮ."

"ನಾನು ಕುಟ್ಟಿದ್ದನ್ನ ಯಾವಳ ಕ್ರೇಟಿಗೋ ಯಾಕೆ ಸುರೀಬೇಕು?" ಎದುರುಮನೆಯ ಸೊಸೆ ಸೊಂಟಕ್ಕೆ ಕೈ ಇಟ್ಟಳು.

"ಒಂದೂವರೆ ಒಂದೂವರೆ ಅಂತಿದ್ದೆಲ್ಲೇ, ಎಲ್ಲಿ ತೋರ್ಸೇ? ಹದವಾದ ಕಾಯಿ, ನಾರು ತೆಗೆದ ಕಾಯಿ ನಿನ್ ಕಲ್ಲಿನ್ ಮುಂದೆ ತಂದು ಸುರೀತಿದ್ರು, ನೀನು ಕುಟ್ತಿದ್ದೆ. ಈ ವಾರ ಯಾರೂ ಸುರೀಲಿಲ್ಲ. ಎಷ್ಟಾತು ನಿಂದು?"

ಅವಳು ಸೊಂಟದ ಮೇಲಿನ ಕೈ ಇಳಿಸಿದಳು. ನಾನು ಯಾರ ಪರ ಮಾತಾಡಿದೆ ಎಂದು ಎಲ್ಲರಿಗೂ ಅರ್ಥವಾಗಿತ್ತು. ವಾರಗಿತ್ತಿ ಜಾಲಿಮರದ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಮೇಲಿನ ಅಕ್ಕರೆಯಿಂದ ನಾನು ಹೇಳಲಿಲ್ಲ. ಕೆಲಸ ಗೊತ್ತಿರುವ ಯಾರೇ ಆದರೂ ಹೇಳಬೇಕಾದ ಮಾತು ಅದು.

ಸೋಮವಾರ ಕಾಯಿ ಗರಿಗರಿ ಒಣಗಿತು, ನಾರು ಇಡಿ ಇಡಿಯಾಗಿ ಬಂತು, ಸುತ್ತಿಗೆಗಳು ಒಂದೇ ಸಮ ಬಿದ್ದವು. ಸಂಜೆ ಎಲ್ಲ ಕ್ರೇಟೂ ಅಂಚಿನ ತನಕ ತುಂಬಿ ಸಾಲಾಗಿ ನಿಂತವು. ಸಾಹುಕಾರ ಸಾಲಿನ ಉದ್ದಕ್ಕೂ ನಡೆದು ಬಂದು ವಾರಗಿತ್ತಿಯ ಕ್ರೇಟಿನ ಮುಂದೆ ನಿಂತ.

"ಇದು ಮೋಸ" ಎಂದ.

"ಯಾವ್ದು ಮೋಸ? ತಲೆಗೊಂದು ಕ್ರೇಟು ಅಂದಿದ್ರಿ. ತಲೆ ಎಣಿಸ್ಕಳ್ರಿ, ಕ್ರೇಟು ಎಣಿಸ್ಕಳ್ರಿ" ಎಂದೆ.

"ಇವಳು ಇಷ್ಟು ಕುಟ್ಟಿಲ್ಲ. ನನಗೇನು ಕಣ್ಣಿಲ್ವಾ? ಯಾರ್ಯಾರು ತಾವೇ ತುಂಬಿದ್ರು ಅಂತ ಹೇಳು, ಅವ್ರಿಗೆ ಕೊಡ್ತೀನಿ. ಉಳಿದೋರಿಗೆ ಇಲ್ಲ."

ಶೆಡ್ಡಿನ ಗೋಡೆಗೆ ಇನ್‌ಸ್ಪೆಕ್ಟರ್ ಅಂಟಿಸಿ ಹೋಗಿದ್ದ ಕಾಗದದಲ್ಲಿ ಅವರ ಫೋನ್ ನಂಬರ್ ಇತ್ತು. ಸಾಹುಕಾರನ ಎದುರಿಗೇ ಫೋನ್ ಮಾಡಿದೆ. ಇನ್‌ಸ್ಪೆಕ್ಟರ್ ಮಾರನೆಯ ದಿನ ಬಂದರು, ಕೂತರು, ಚಹಾ ಬೇಡ ಎಂದರು. ಎಂಟು ಗಂಟೆ ದುಡಿದವಳಿಗೆ ಕನಿಷ್ಠ ಕೂಲಿ ಕೊಡಲೇಬೇಕು, ಅವಳ ಕ್ರೇಟು ತುಂಬಲಿ ಬಿಡಲಿ, ನಾರು ಎಳೆದರೂ ಅದು ದುಡಿಮೆಯೇ ಎಂದು ಸಾಹುಕಾರನಿಗೆ ಖಡಾಖಂಡಿತ ಹೇಳಿದರು. ನಮ್ಮ ಹೆಂಗಸರಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿಯೇ ಬಿಟ್ಟರು. ನನಗೂ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಸಾಹುಕಾರ ತಲೆಯಾಡಿಸಿದ. "ಆಗ್ಲಿ ಸಾರ್. ಕೊಡ್ತೀನಿ. ಆದ್ರೆ ನನಗೆ ಇಷ್ಟು ಜನ ಬ್ಯಾಡ. ಅರ್ಧ ಸಾಕು. ಉಳಿದ ಕಾಯಿನ ಬೀಜದ ಸಮೇತ ಆಂಧ್ರಕ್ಕೆ ಲೋಡ್ ಮಾಡ್ತೀನಿ. ಅದಕ್ಕೇನಾದ್ರೂ ಕಾನೂನು ಐತಾ?"

ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. "ಎಷ್ಟು ಜನರನ್ನು ಇಟ್ಕೋಬೇಕು ಅಂತ ನಾನು ಹೇಳೋಕೆ ಬರಲ್ಲಮ್ಮ" ಎಂದು ಬ್ಯಾಗು ಎತ್ತಿಕೊಂಡರು. ಜೀಪು ಹೋದ ಮೇಲೂ ಚಪ್ಪಾಳೆ ತಟ್ಟಿದವರು ಹಾಗೇ ನಿಂತಿದ್ದರು.

"ಹೇಳಮ್ಮ ಮೇಸ್ತ್ರಿ" ಎಂದ ಸಾಹುಕಾರ, "ಯಾರ್ಯಾರು ಬ್ಯಾಡ ಹೇಳು. ನೀನು ಹೆಂಗೂ ಇರ್ತೀಯ." ಹತ್ತಿರ ಬಂದು ದನಿ ತಗ್ಗಿಸಿದ. "ನಿನ್ನ ಕ್ರೇಟಿನ ವಿಷ್ಯ ನಾನು ಎತ್ತಲ್ಲ."

ಇಷ್ಟು ವರ್ಷ ಜೊತೆಗೆ ಬುತ್ತಿ ಬಿಚ್ಚಿದವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಾನು ನೋಡಿದರೆ ಬೇರೆ ಕಡೆ ನೋಡುತ್ತಿದ್ದರು. ಮೊದಲು ಬಾಯಿಗೆ ಬಂದ ಹೆಸರು ವಾರಗಿತ್ತಿಯದೇ. ತುದಿನಾಲಿಗೆಯ ಮೇಲೆ ಕೂತಿತ್ತು. ಅವಳು ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು.

"ಏ ಸುತ್ತಿಗೆ, ನಮ್ಮ ಹೆಸ್ರು ಹೇಳಾಕೆ ಆಯಮ್ಮಂಗೆ ಇಷ್ಟು ಯೋಚ್ನೆ ಯಾತಕ್ಕಂತೆ ಕೇಳು. ನಡಿ ಹೋಗಾಣ."

ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮೇಲೆ ಬಂದದ್ದು ಯಾವಾಗಿನದೇ ಸಿಟ್ಟು. ಸಾಹುಕಾರನ ಮೇಲೆ ಬಂದದ್ದು ಹೊಸದು. ನಿನ್ನ ಕ್ರೇಟಿನ ವಿಷಯ ಮುಚ್ಚಿಡುತ್ತೇನೆ, ಬದಲಿಗೆ ನಿನ್ನ ಕೈಯಿಂದ ಇವರನ್ನು ತಳ್ಳು ಅನ್ನುತ್ತಾನಲ್ಲ! ಹೆಸರು ಹೇಳಿದರೆ ಊರಲ್ಲಿ ಶಾಪ ನನಗೆ, ಲಾಭ ಅವನಿಗೆ. ತಳದಲ್ಲಿದ್ದವರನ್ನೇ ತೆಗೆಯಬೇಕು ಅನ್ನುವುದಾದರೆ ಮೊದಲ ಹೆಸರು ನನ್ನದೇ ಆಗಬೇಕು.

"ಒಬ್ಬರ ಹೆಸ್ರೂ ಹೇಳಲ್ಲ" ಎಂದೆ. "ನಿಮಗೆ ಅರ್ಧ ತಲೆ ಬೇಕು ತಾನೆ? ವಾರಕ್ಕೆ ಅರ್ಧ ಜನ ಬರ್ತೀವಿ, ಮುಂದಿನ ವಾರ ಉಳಿದರ್ಧ. ಪಾಳಿ ನಾನು ಹಾಕ್ತೀನಿ. ಯಾವ ತಲೆ ಅಂತ ನಿಮಗ್ಯಾಕೆ?"

ಸಾಹುಕಾರ ಕೈ ಬೀಸಿದ. "ಯಾರಾದ್ರೂ ಬರ್ರಿ. ತಲೆ ಮಾತ್ರ ಅಷ್ಟೇ. ಪಾಳಿ ಇಲ್ದೋರು ಗೇಟಿನ ಒಳಗೆ ಬರಂಗಿಲ್ಲ. ಕೂಸು ತರಂಗಿಲ್ಲ. ಎಂಟು ಗಂಟೆ ಅಂದ್ರೆ ಎಂಟು ಗಂಟೆ, ನಡುವೆ ಎದ್ದು ಓಡಾಡಂಗಿಲ್ಲ."

ಪಾಳಿ ಹಾಕಿದ್ದಕ್ಕೆ ನನ್ನನ್ನು ಯಾರಾದರೂ ಹೊಗಳಿದರು ಅಂದುಕೊಂಡಿರಾ? ಎದುರುಮನೆಯ ಸೊಸೆ ಅಂದೇ ಸಂಜೆ ನನ್ನ ಬಾಗಿಲಿಗೆ ಬಂದು ರೇಗಾಡಿದಳು. ಕೈ ಚುರುಕಿದ್ದವಳು ಕೈ ಸಾಗದವರಿಗೋಸ್ಕರ ವಾರಗಟ್ಟಲೆ ಮನೆಯಲ್ಲಿ ಕೂರಬೇಕೇ ಎಂದಳು. ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುವುದಕ್ಕೆ ಕರೆಯುತ್ತಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಹೋಗೇ ತಾಯಿ ಎಂದೆ. ಹೋದಳು, ಜೊತೆಗೆ ಇನ್ನೊಬ್ಬಳನ್ನೂ ಎಳೆದುಕೊಂಡು ಹೋದಳು. ಕೂಸಿದ್ದವಳು ತಾನಾಗಿಯೇ ಬಿಟ್ಟಳು. ಕೂಸನ್ನು ಯಾರ ಕೈಗೆ ಕೊಡುತ್ತಾಳೆ? ಅವಳು ಬಯ್ಯಲಿಲ್ಲ, ಅತ್ತಳು. ಅದು ಬಯ್ಯುವುದಕ್ಕಿಂತ ಕಷ್ಟವಾಯಿತು.

ನಾನು ಒಂದು ಅರ್ಧದಲ್ಲಿ ಇದ್ದೆ, ವಾರಗಿತ್ತಿಯನ್ನು ಇನ್ನೊಂದು ಅರ್ಧದಲ್ಲಿ ಹಾಕಿದೆ. ಮಂಡಿಯಲ್ಲಾದರೂ ಅವಳ ಮುಖ ನೋಡುವುದು ತಪ್ಪಲಿ ಎಂದು. ಮೊದಲ ವಾರ ನಮ್ಮದು. ಹಾಗೆ ಮಾಡಿದ್ದರಿಂದ ನಮ್ಮ ಅರ್ಧದಲ್ಲಿ ನಾರು ಎಳೆಯಲು ಯಾರೂ ಇಲ್ಲ ಎಂದು ಕೂತ ಮೇಲೆ ಹೊಳೆಯಿತು. ಉಳಿದವರೆಲ್ಲ ಒಂದೇ ಮಾತು ಅಂದರು, ಮೇಸ್ತ್ರಿಯೇ ಎಳೆಯಲಿ. ವಾರವಿಡೀ ಬಿಸಿಲಲ್ಲಿ ಕಾಯಿ ಮಗುಚಿದೆ, ನಾರು ಎಳೆದೆ. ಬಯ್ಯಲು ಪುರಸೊತ್ತೇ ಸಿಗಲಿಲ್ಲ. ಆದರೂ ರಾಶಿ ಮೇಲೆದ್ದಿತು, ಅದೊಂದು ಬೇರೆ ಅವಮಾನ. ಶನಿವಾರ ಸರ್ಕಾರಿ ಕೂಲಿ ಪೂರ್ತಿ ಕೈಗೆ ಬಂತು. ನೋಟು ಹಿಡಿದಾಗ ಖುಷಿಯಾಯಿತು, ಮುಂದಿನ ವಾರ ಏನೂ ಇಲ್ಲ ಎಂದು ನೆನಪಾದಾಗ ಆ ಖುಷಿ ಹಾಗೇ ಇಳಿಯಿತು.

ಸೋಮವಾರ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಟೆಂಪೋ ಬಂದು ಬೇವಿನಮರದ ಹತ್ತಿರ ನಿಂತಿತು. ಇನ್ನೊಂದು ಅರ್ಧದವರು ಹತ್ತಿದರು. ಅವರು ತಮ್ಮ ವಾರಕ್ಕೆ ಯಾರನ್ನು ಮೇಸ್ತ್ರಿ ಮಾಡಿಕೊಂಡಿದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಮುಂದಿನ ಸೀಟಿಗೆ ವಾರಗಿತ್ತಿ ಹತ್ತಿ ಕೂತಾಗ ಗೊತ್ತಾಯಿತು. ಗಂಡನಿಗೆ ಗಂಜಿ ಕುಡಿಸಿ ಬಂದವಳು ಕೈಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. ಟೆಂಪೋ ನಮ್ಮ ಮನೆ ಮುಂದೆ ಹಾಯುವಾಗ ಡ್ರೈವರನಿಗೆ ನಿಲ್ಲಿಸು ಎಂದಳು.

"ಏನಮ್ಮ ಮೇಸ್ತ್ರಿ, ಈ ವಾರ ನಿನ್ ಕಲ್ಲಿನ್ ಮೇಲೆ ನಾನೇ ಕುಟ್ಟೋದು. ಅಲ್ಲಿದ್ದಾಗ್ಲೇ ನೋಡೀನಿ. ಒಂದ್ ಕುಳಿನಾದ್ರೂ ಬಿದ್ದೈತಾ ಅದ್ರಾಗೆ? ಈಗಷ್ಟೇ ಕೊಂಡು ತಂದಂಗೈತೆ!"

ಟೆಂಪೋದಲ್ಲಿದ್ದವರೆಲ್ಲ ಗೊಳ್ಳೆಂದರು. ನನಗೆ ನೆತ್ತಿಗೇರಿತು. ಪೊರಕೆ ಎತ್ತಿಕೊಂಡು ಎರಡು ಹೆಜ್ಜೆ ಓಡಿದೆ, ಬಾಯಿಗೆ ಬಂದದ್ದು ಬಯ್ದೆ, ಅಷ್ಟರಲ್ಲಿ ಟೆಂಪೋ ಹೊರಟುಹೋಯಿತು. ಧೂಳು ಇಳಿದ ಮೇಲೆ ಸುತ್ತ ನೋಡಿದೆ. ಅಂಗಳದಲ್ಲಿ ಕೋಳಿ ಇರಲಿಲ್ಲ, ಅವಳ ಕೈಯಲ್ಲಿ ಸುತ್ತಿಗೆಯೂ ಇರಲಿಲ್ಲ. ಆ ಮಾತನ್ನು ಅವಳು ಆಡಿದ್ದು ನನ್ನ ಮುಖ ನೋಡಿಕೊಂಡೇ.

ಅಷ್ಟು ವರ್ಷ ಆ ಕಲ್ಲಿನ ಮುಂದೆ ಕೂತವಳು ನಾನು, ಕುಳಿ ಬಿದ್ದಿದೆಯೋ ಇಲ್ಲವೋ ಎಂದು ನೋಡಿದವಳಲ್ಲ. ಈಗಲೇ ಮಂಡಿಗೆ ಹೋಗಿ ನೋಡಿಕೊಂಡು, ಅವಳ ಬಾಯಿ ಮುಚ್ಚಿಸಿ ಬರಬೇಕು ಅನ್ನಿಸಿತು. ಸೀರೆಯನ್ನೂ ಸರಿ ಮಾಡಿಕೊಂಡೆ. ಆದರೆ ಇದು ನನ್ನ ವಾರವಲ್ಲ, ಗೇಟಿನವನು ಒಳಗೆ ಬಿಡುವುದಿಲ್ಲ.